ಗಂಧದ ಗಿಡಕ್ಕೆ ಬಿದ್ದ ತೂತು

೧೨ ನವೆಂಬರ್ ೧೯೮೨, ಶುಕ್ರವಾರ. ಕೂಡ್ಲಿಗಿ.

ಹಿತ್ತಲ ಬೇವಿನ ನೆರಳಲ್ಲಿ ನಾನೇ ನೀರು ಹಾಕಿ ಬೆಳೆಸಿದ ಗಂಧದ ಗಿಡಕ್ಕೆ ಯಾರೋ ಬೈರಿಗೆಯಿಂದ ತೂತು ಕೊರೆದಿದ್ದಾರೆ. ಒಳಗೆ ಚೇಗು, ಅಂದರೆ ಪರಿಮಳದ ತಿರುಳು, ಬಲಿತಿದೆಯೇ ಎಂದು ಕಳ್ಳರು ಹೀಗೇ ನೋಡುವುದು. ಬಲಿತಿದ್ದರೆ ಕಡಿಯಲು ಮತ್ತೆ ಬರುತ್ತಾರೆ.

ಅತ್ತೆಗೆ ತೋರಿಸಿದೆ. "ಯಾರ ಮುಂದೂ ಬಾಯಿ ಬಿಡಬ್ಯಾಡವ್ವಾ. ಗಂಧ ಸರ್ಕಾರದ್ದು. ಕಳುವಾದ್ರ ಫಾರೆಸ್ಟಿನವ್ರು ನಿನ್ನ ಗಂಡನ್ನ ಎಳಕೊಂಡು ಹೋಗ್ತಾರ. ಸಗಣಿ ಮೆತ್ತಿಬಿಡು," ಅಂದರು.

ಸಗಣಿ ತಂದು ಮೆತ್ತಿದೆ. ಕಾಂಡದ ಹಿಂಬದಿಯಲ್ಲಿ ಇನ್ನೊಂದು ತೂತು ಬೆರಳಿಗೆ ಸಿಕ್ಕಿತು. ಅದಕ್ಕೆ ಯಾರೋ ಆಗಲೇ ಸಗಣಿ ಮೆತ್ತಿದ್ದಾರೆ, ಒಣಗಿ ಬಿರುಕು ಬಿಟ್ಟಿದೆ. ಹಾಗಾದರೆ ಕೊರೆದವನು ಹಿಂದೆಯೂ ಬಂದಿದ್ದ.

ಹೊಸಬರನ್ನು ಕಂಡರೆ ಓಣಿಯೇ ಏಳುವಂತೆ ಬೊಗಳುವ ನಮ್ಮ ನಾಯಿ ಎರಡು ಸಲವೂ ಬೊಗಳಲಿಲ್ಲ.

ಈಗ ನಡುರಾತ್ರಿ. ಇವರು ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದಾರೆ. ಅತ್ತೆಯೂ ಮಲಗಿದ್ದಾರೆ. ಹಿತ್ತಲಲ್ಲಿ ನಾಯಿ, ಗುರುತಿನವರನ್ನು ಕಂಡಾಗಿನ ಹಾಗೆ, ಕುಂಯ್‌ಗುಡುತ್ತಿದೆ.