ಏಳನೇ ತರಗತಿಯಲ್ಲಿಲ್ಲದ ಪಾಠ

ಸುಕ್ರೆ, ಆಗಸ್ಟ್ ೧೪, ಗುರುವಾರ

ನಾಳೆಯಿಂದ ನಾನು ವಿಜ್ಞಾನ ಕಲಿಸುವಂತಿಲ್ಲ, ಕಸೂತಿ ಕಲಿಸಬೇಕಂತೆ.

ಬೆಳಗಿನ ಪ್ರಾರ್ಥನೆಯ ನಡುವೆ ಏಳನೇ ತರಗತಿಯ ಸೆನೈದಾ ಶೌಚಾಲಯಕ್ಕೆ ಓಡಿದವಳು ಹೊರಗೆ ಬರಲೇ ಇಲ್ಲ. ಹೋಗಿ ಬಾಗಿಲು ಬಡಿದೆ.

"ಟೀಚರ್, ರಕ್ತ ನಿಲ್ತಿಲ್ಲ. ನಾನು ಸಾಯ್ತೀನಾ? ನಾನೇನೂ ಪಾಪ ಮಾಡಿಲ್ಲ ಟೀಚರ್!"

ವಿಜ್ಞಾನ ಪುಸ್ತಕದಲ್ಲಿ ಮುಟ್ಟಿನ ಪಾಠವಿರುವ ಪುಟಗಳನ್ನು ನಮ್ಮ ಕಾನ್ವೆಂಟಿನಲ್ಲಿ ವರ್ಷದ ಮೊದಲಲ್ಲೇ ಗೋಂದು ಹಚ್ಚಿ ಅಂಟಿಸಿಬಿಡುತ್ತಾರೆ. ಅವಳನ್ನು ಸಮಾಧಾನ ಮಾಡಿ, ಮುಟ್ಟು ಎಂದರೇನೆಂದು ತರಗತಿಯ ಹುಡುಗಿಯರಿಗೆಲ್ಲ ಬಿಡಿಸಿ ಹೇಳಿದೆ.

ಮಗಳನ್ನು ಕರೆದೊಯ್ಯಲು ಬಂದ ತಾಯಿಯೇ ದೂರು ಕೊಟ್ಟಳು. ಮಧ್ಯಾಹ್ನ ಶಾಲೆಯ ಮುಖ್ಯಸ್ಥೆ ಮದರ್ ಬೆನಿಗ್ನಾ ಕರೆಸಿದರು.

"ಸಿಲಬಸ್‌ನಲ್ಲಿ ಇಲ್ಲದ್ದನ್ನ ಕಲಿಸೋಕೆ ನಿಮಗ್ಯಾರು ಹೇಳಿದ್ದು?"

"ಮಗು ಸಾಯ್ತೀನಿ ಅಂತ ಅಳ್ತಿತ್ತು, ಮದರ್."

"ಅಳೋ ಮಗೂನ ಜಪಕ್ಕೆ ಕೂರಿಸ್ಬೇಕಿತ್ತು."

ನನ್ನ ಹನ್ನೊಂದು ವರ್ಷದ ವಿಜ್ಞಾನ ಪಾಠ ಅಷ್ಟಕ್ಕೇ ಮುಗಿಯಿತು.

ಗೇಟಿನ ಬಳಿ ಆ ತಾಯಿ ಇನ್ನೂ ನಿಂತಿದ್ದಳು. ತಡೆಯಲಾರದೆ ಕೇಳಿಯೇಬಿಟ್ಟೆ: "ಅಲ್ಲಮ್ಮ, ನೀನಾದ್ರೂ ಮಗಳಿಗೆ ಮೊದ್ಲೇ ಹೇಳ್ಬಾರ್ದಿತ್ತಾ?"

ಅವಳು ಶಾಲಿನ ಅಂಚು ಹಿಡಿದು ತಲೆ ತಗ್ಗಿಸಿದಳು.

"ಏನಂತ ಹೇಳ್ಲಿ ಟೀಚರ್? ನಾನೂ ಇದೇ ಶಾಲೇಲಿ ಓದ್ದೋಳು."

ಅವಳ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಆಗುತ್ತಿಲ್ಲ. ನಿದ್ದೆಯೂ...