ಫೋಟೋದಲ್ಲಿರೋದು ಯಾರು

ಚೆಂಗ್‌ಹಾಯ್,
೨೨ ನವೆಂಬರ್ ೧೯೯೮, ಭಾನುವಾರ

ಪ್ರೀತಿಯ ಚುಯಿಲಿಯೆನ್ ಅಕ್ಕನಿಗೆ,

ನಿನಗೂ ಭಾವನಿಗೂ ನಮಸ್ಕಾರ. ಈ ಚಳಿಯಲ್ಲಿ ಭಾವನ ನಗಾರಿ ಚೆನ್ನಾಗಿ ಮೊಳಗುತ್ತಿರಬೇಕು. ಉತ್ತರ ತಡವಾದದ್ದಕ್ಕೆ ಬೈಯಬೇಡ. ಲುಫೆಂಗ್‌ನ ವಿಳಾಸಕ್ಕೆ ಹಾಕಿದ ಕಾಗದ ಮೊನ್ನೆ ನನ್ನ ಕೈಗೇ ವಾಪಸು ಬಂತು. ಅಷ್ಟರಲ್ಲಿ ನಿಮ್ಮ ನಾಟಕ ಮಂಡಳಿ ಮುಂದಿನ ಊರಿನ ದೇವರ ಮುಂದೆ ಹಾಡಲು ಗಂಟುಮೂಟೆ ಕಟ್ಟಿತ್ತಂತೆ. ಬಂದದ್ದು ಒಳ್ಳೆಯದೇ ಆಯಿತು. ಅದರ ತುಂಬ ಬರೀ ಸಿಟ್ಟಿತ್ತು. ಇದರಲ್ಲಿ ಸುದ್ದಿ ಇದೆ. ಫೋನ್ ಮಾಡಬಹುದಿತ್ತು ಎನ್ನುತ್ತೀಯ. ಆದರೆ ಇದು ಮೂಲೆಯಂಗಡಿಯ ಫೋನಿನಲ್ಲಿ, ಸಿಗರೇಟು ಕೊಳ್ಳಲು ಬಂದವರೆದುರು ಕೂಗಿ ಹೇಳುವ ವಿಷಯವಲ್ಲ.

ಮುಖ್ಯವಾದದ್ದನ್ನು ಮೊದಲೇ ಬರೆದುಬಿಡುತ್ತೇನೆ. ಯುನ್‌ಯುನ್‌ಳನ್ನು ಗ್ವಾಂಗ್‌ಝೌನ ವಸತಿಶಾಲೆಗೆ ಕಳಿಸುವುದಿಲ್ಲ. ಬೇಡವೆಂದು ಡಾಕ್ಟರೇ ಹೇಳಿದ್ದಾರೆ. ನಿನ್ನ ಮಗಳಿಗೆ ನೀನು ಯಾರೆಂದು ಗೊತ್ತು, ಅಕ್ಕಾ. ಯಾವತ್ತೂ ಗೊತ್ತಿತ್ತು. ಈಗ ಬಣ್ಣದ ಪೆಟ್ಟಿಗೆಯ ಮೇಲೆ ಕೂತು ನಿಧಾನವಾಗಿ ಓದು.

ಹೋದ ತಿಂಗಳು ಅಜ್ಜಿ ಒಬ್ಬಳೇ ಅವಳನ್ನು ಶಾಂಟೌ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು ನಿನಗೆ ಗೊತ್ತಿದೆ. (ಯುನ್‌ಯುನ್ ಹುಟ್ಟಿದಂದಿನಿಂದ, ನಮ್ಮಿಬ್ಬರನ್ನು ಹೆತ್ತವಳನ್ನು ನಾವೂ ಅಜ್ಜಿ ಎಂದೇ ಕರೆಯುತ್ತೇವಲ್ಲ, ಇಲ್ಲೂ ಹಾಗೇ ಬರೆಯುತ್ತೇನೆ.) ನನಗೆ ಅಚ್ಚುಕೂಟದಲ್ಲಿ ರಜೆ ಸಿಗಲಿಲ್ಲ. ಐದು ತುಂಬಿದರೂ ಎರಡು ಪದ ಜೋಡಿಸಲು ತಿಣುಕುವ ಮಗುವನ್ನು ಅಲ್ಲಿ ಯಾರೋ ತರಬೇತಿಯ ಹುಡುಗಿ ಪರೀಕ್ಷೆ ಮಾಡಿದಳು. ಫಲಿತಾಂಶವೆಂದು ಅಜ್ಜಿ ತಂದದ್ದು ಒಂದೇ ಮಾತು: “ಮಗು ತಾಯಿಯನ್ನೇ ಗುರುತಿಸುವುದಿಲ್ಲ. ಇಂಥವರಿಗೆ ವಸತಿಶಾಲೆಯೇ ಸರಿ.” ಅಲ್ಲಿ ಏನು ಕೇಳಿದರು, ಇವಳು ಏನು ಹೇಳಿದಳು ಎಂದು ಎಷ್ಟು ಕೆದಕಿದರೂ ಅಜ್ಜಿ ಬಾಯಿ ಬಿಡಲಿಲ್ಲ. ಆಮೇಲೆ ನೀನು ಫೋನಿನಲ್ಲಿ ಅತ್ತದ್ದು, “ನನ್ನನ್ನೇ ಗೊತ್ತಿಲ್ಲದವಳನ್ನು ನಾನು ಇಟ್ಟುಕೊಂಡು ಏನು ಮಾಡಲಿ, ಕಳಿಸಿಬಿಡಿ” ಎಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಆವತ್ತಿನಿಂದ ನಾನು ಮನುಷ್ಯನಾಗಿರಲಿಲ್ಲ. ಹಾಂಗ್‌ಕಾಂಗ್‌ನ ಪೋಷಕರ ಸಂಘದವರು ಅಚ್ಚು ಹಾಕಿಸಿದ ಕಿರುಹೊತ್ತಗೆಗಳನ್ನು ಅಂಚು ಹರಿಯುವಷ್ಟು ಓದಿದೆ. ಪಕ್ಕದ ಮನೆಯ ಝಾನ್ ಮಾವ ದಿನಾ ನಮ್ಮ ಚಹಾ ಕುಡಿದು ದಿನಾ ಒಂದೇ ಸಲಹೆ ಕೊಡುತ್ತಿದ್ದ:

“ಲೋ ವೆಯ್‌ಲಿಯೆ, ಅಷ್ಟೆಲ್ಲಾ ಯಾಕೋ? ನಾಲಿಗೆ ಕೆಳಗಿನ ದಾರ ಬಿಗಿಯಾಗಿರತ್ತೆ. ಕತ್ತರಿಸಿಬಿಟ್ರೆ ಗಿಣಿ ಥರ ಮಾತಾಡ್ತಾಳೆ. ನನ್ನ ತಂಗಿ ಮಗಂಗೆ ಮಾಡಿಸಿದ್ವಿ.”

“ಅವನು ಈಗ ಮಾತಾಡ್ತಾನಾ ಮಾವ?”

“ಮಾತಾಡಲ್ಲ. ಆದ್ರೆ ನಾಲಿಗೆ ಚೆನ್ನಾಗಿ ಆಡತ್ತೆ.”

ನಾನು ಪುಸ್ತಿಕೆ ತೆಗೆದು ಅವನ ಮುಖದ ಮುಂದೆ ಹಿಡಿದೆ. ಅವನು ಕನ್ನಡಕ ತಂದಿಲ್ಲ ಎಂದ. ಈ ಪಟ್ಟಣದಲ್ಲಿ ಮಾತು ತಡವಾದ ಮಕ್ಕಳ ನಾಲಿಗೆಗೆ ಎಷ್ಟು ಕತ್ತರಿಗಳು ಹೋಗಿವೆಯೋ! ಬೆದರುವ ಮಗುವನ್ನು ತೊಡೆಯ ಮೇಲೆ ಒತ್ತಿ ಹಿಡಿಯುವ ಪ್ರತಿ ಅಪ್ಪನ ಮುಂದೆಯೂ ನಿಂತು ಕೂಗಬೇಕು ಅನ್ನಿಸುತ್ತದೆ.

ಕಳೆದ ವಾರ ರಜೆ ಕಿತ್ತುಕೊಂಡು ನಾನೇ ಅಜ್ಜಿ, ಯುನ್‌ಯುನ್ ಇಬ್ಬರನ್ನೂ ಬಸ್ಸಿನಲ್ಲಿ ಶಾಂಟೌಗೆ ಕರೆದುಕೊಂಡು ಹೋದೆ. ಈ ಸಲ ಸಿಕ್ಕವರು ಮಾತಿನ ಡಾಕ್ಟರು ಗುವಾನ್, ಹಾರ್ಬಿನ್ ಕಡೆಯವರು. ಎತ್ತರದ ಹೆಂಗಸು, ಕತ್ತರಿಸಿದ ಕೂದಲು, ನಮ್ಮ ಚಾವೊಝೌ ಮಾತು ಒಂದಕ್ಷರವೂ ಬಾರದು. ಒಳಗೆ ಕಾಲಿಟ್ಟವನೇ ಶುರು ಮಾಡಿದೆ. ನಮ್ಮ ಮಕ್ಕಳನ್ನು ನಿಮ್ಮ ಉತ್ತರದ ಭಾಷೆಯಲ್ಲಿ ಅಳೆಯುವುದು ಅನ್ಯಾಯ, ಮನೆಯಲ್ಲಿ ಕೇಳದ ಮಾತನ್ನು ಕೇಳಿ ಮಗು ಸುಮ್ಮನಿದ್ದರೆ ಪೆದ್ದು ಎಂದು ಬರೆಯುತ್ತೀರಿ, ಇದು ಬಡವರ ಮೇಲಿನ ದಬ್ಬಾಳಿಕೆ. ಮೇಜು ಕುಟ್ಟಿದೆ ಕೂಡ. ಯುನ್‌ಯುನ್ ಅಜ್ಜಿಯ ಕೋಟಿನೊಳಗೆ ಮುಖ ಹುದುಗಿಸಿದಳು.

ಅವರು ಪೆನ್ನಿನ ಮುಚ್ಚಳ ಹಾಕಿ ಕೇಳಿದರು: “ಮುಗೀತಾ ತಮ್ಮಾ? ಇನ್ನೂ ಇದ್ರೆ ಹೇಳಿಬಿಡು. ಇಲ್ಲಾಂದ್ರೆ ಈ ಕುರ್ಚಿ ಮೇಲೆ ಕೂತ್ಕೊ. ನೀನು ಹೇಳಿದ್ದರಲ್ಲಿ ಮುಕ್ಕಾಲು ಭಾಗ ಸರಿ. ಅದಕ್ಕೇ ಇವತ್ತು ಅವಳ ಮನೆಮಾತಲ್ಲೇ ಕೇಳೋಣ. ನೀನೇ ದುಭಾಷಿ. ಒಂದೇ ಷರತ್ತು, ಅವರು ಹೇಳಿದ್ದನ್ನ ಹೇಳಿದ ಹಾಗೇ ಹೇಳಬೇಕು. ಅವರು ‘ನಾನು’ ಅಂದ್ರೆ ನೀನೂ ‘ನಾನು’ ಅನ್ನಬೇಕು. ಭಾಷಣ ಸೇರಿಸಬಾರದು.”

ನನಗೆ ಕೂರದೆ ಗತಿಯಿರಲಿಲ್ಲ.

ಕಿವಿ ನೋಡಿದರು, ಚೆನ್ನಾಗಿದೆ. ನಾಲಿಗೆ ನೋಡಿದರು, ಝಾನ್ ಮಾವನ ದಾರ ಅಲ್ಲಿ ಸರಿಯಾಗೇ ಇದೆ. ಗೊಂಬೆಗಳು, ಬಟ್ಟಲು, ಪ್ಲಾಸ್ಟಿಕ್ ಮೀನು ಎಲ್ಲಾ ಬಂದವು. ಚಿಕ್ಕ ಮಾತು ಹೇಳಿದರೆ ಹಾಗೇ ಮಾಡಿದಳು. ಉದ್ದದ ಮಾತು ಹೇಳಿದರೆ ಅರ್ಧದಲ್ಲೇ ಕಳೆದುಹೋಗಿ ನನ್ನ ಮುಖ ನೋಡಿದಳು. ಕೊನೆಗೆ, ತಾಯಿಯ ಫೋಟೋ ಇದೆಯೇ ಎಂದು ಕೇಳಿ, ನೀನು ನಾನ್‌ಆವ್ ದ್ವೀಪದ ಸಮುದ್ರದ ಮುಂದೆ ನಿಂತದ್ದನ್ನು ತೆಗೆದುಕೊಂಡರು.

“ಇದು ಯಾರು?” ನಾನು ನಮ್ಮ ಮಾತಿನಲ್ಲಿ ಕೇಳಿದೆ.

“ಚಿಕ್ಕಮ್ಮ” ಎಂದಳು ಯುನ್‌ಯುನ್, ತಟ್ಟನೆ.

ನನಗೆ ಎದ್ದು ಕುಣಿಯುವಷ್ಟು ಖುಷಿ! ಎಷ್ಟು ಸ್ಪಷ್ಟವಾಗಿ, ಎಷ್ಟು ಬೇಗ ಹೇಳಿದಳು! ನಗುತ್ತಾ ಡಾಕ್ಟರಿಗೆ ತಿಳಿಸಿದೆ. ಅವರ ಮುಖ ಬಾಡಿತು.

“ನಿಮ್ಮಮ್ಮ ಎಲ್ಲಿ ಅಂತ ಕೇಳು.”

ಕೇಳಿದೆ. ಯುನ್‌ಯುನ್ ಸುಮ್ಮನೆ ಗೋಡೆ ನೋಡಿದಳು. ಡಾಕ್ಟರು ನಿಟ್ಟುಸಿರು ಬಿಟ್ಟು ಏನೋ ಬರೆಯಲು ಬಗ್ಗಿದರು. ಆಗ ನನಗೆ ಹೊಳೆಯಿತು ಅಕ್ಕಾ, ಅಲ್ಲಿಯವರೆಗೂ ಹೊಳೆದಿರಲಿಲ್ಲ! ಹುಟ್ಟಿದಾಗಿನಿಂದ ನಾವು ಕೇಳಿದ್ದೇ ಹಾಗಾದ್ದರಿಂದ ಅದು ತಪ್ಪು ಉತ್ತರವಾಗಿ ಕೇಳಿಸಬಹುದೆಂದು ನನ್ನ ತಲೆಗೆ ಹೋಗಿಯೇ ಇರಲಿಲ್ಲ. ಹೇಳಲು ಬಾಯಿ ತೆರೆದೆ. ಮೇಜಿನ ಕೆಳಗೆ ಅಜ್ಜಿ ನನ್ನ ಕಾಲನ್ನು ತುಳಿದಳು. ಸುಮ್ಮನೆ ತುಳಿಯುವುದಲ್ಲ, ಜಜ್ಜುವುದು.

“ಬಾಯಿ ಬಿಟ್ರೆ ನೋಡು” ಎಂದಳು ಹಲ್ಲು ಕಚ್ಚಿ. “ಮಗು ಇಲ್ಲೇ ಇದೆ.”

“ಇವಳನ್ನ ಗ್ವಾಂಗ್‌ಝೌಗೆ ಕಳಿಸ್ತಾರೆ ಅಜ್ಜಿ! ಹೇಳಲೇಬೇಕು.”

“ಅವಳ ಎದುರಿಗೆ ಹೇಳಬಾರದು. ಹೇಳಿದ್ರೆ ಇಷ್ಟು ವರ್ಷ ಮುಚ್ಚಿಟ್ಟಿದ್ದೆಲ್ಲ ಹಾಳು. ಹೋದ ಸಲನೂ ಅದಕ್ಕೇ ಸುಮ್ನಿದ್ದೆ.”

“ಏನಂತೆ?” ಡಾಕ್ಟರು ಕೇಳಿದರು. ಹೇಳಿದ ಹಾಗೇ ಹೇಳಬೇಕೆಂಬ ಷರತ್ತು ನೆನಪಾಯಿತು, ಅಜ್ಜಿಯ ಪಾದವೂ ನೆನಪಾಯಿತು. “ಮಗುವನ್ನು ಸ್ವಲ್ಪ ಹೊರಗೆ ಕಳಿಸ್ತೀರಾ ಅಂತಾರೆ” ಎಂದೆ.

ನರ್ಸ್ ಬಂದು ಯುನ್‌ಯುನ್‌ಳನ್ನು ಮೀನಿನ ತೊಟ್ಟಿ ತೋರಿಸಲು ಕರೆದೊಯ್ದಳು. ಅಜ್ಜಿ ತಾನೇ ಎದ್ದು ಬಾಗಿಲು ಹಾಕಿದಳು, ಕಿಟಕಿಯನ್ನೂ ಹಾಕಿದಳು, ಪರದೆ ಎಳೆದಳು. ಆಮೇಲೆ, ಯಾರೋ ಮಾಡಿನ ಮೇಲೆ ಕೂತು ಕೇಳುತ್ತಿದ್ದಾರೆ ಅನ್ನುವಷ್ಟು ತಗ್ಗಿದ ದನಿಯಲ್ಲಿ ಹೇಳಿದಳು:

“ಫೋಟೋದಲ್ಲಿರೋದು ಅವಳ ತಾಯಿನೇ. ಹುಟ್ಟಿದ ಗಳಿಗೆ ತಾಯಿಗೆ ಅಡ್ಡ ಬಿದ್ದಿದೆ ಅಂತ ಕುರುಡು ಜೋಯಿಸ ಹೇಳಿದ. ತಾಯಿ ಮಗಳು ಅಂತ ಕರ್ಕೊಂಡ್ರೆ ಒಬ್ಬರನ್ನೊಬ್ಬರು ಉಳಿಸಲ್ಲ. ಅದಕ್ಕೇ ನಾವೇ ಚಿಕ್ಕಮ್ಮ ಅಂತ ಕಲಿಸಿದ್ವಿ. ಕಣ್ಣಿಗೆ ಕಾಣದೆ ಕೇಳಿಸ್ಕೊಳ್ಳೋರು ಇರ್ತಾರಲ್ಲ, ಅವರು ಇದು ಇವಳ ಮಗು ಅಲ್ಲ ಅಂದ್ಕೊಂಡು ಮುಂದೆ ಹೋಗಲಿ ಅಂತ. ಮಗು ನಾವು ಕಲಿಸಿದ್ದನ್ನೇ ಹೇಳಿದೆ. ಅದರದ್ದೇನೂ ತಪ್ಪಿಲ್ಲ.”

ನಾನು ಒಂದಕ್ಷರ ಬಿಡದೆ ತಿರುಗಿಸಿ ಹೇಳಿದೆ. ಡಾಕ್ಟರು ಗುವಾನ್ ಪೆನ್ನು ಕೆಳಗಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೇನೋ ಎಂದುಕೊಂಡೆ. ನಗುತ್ತಿದ್ದರು.

“ಅಯ್ಯೋ ತಾಯಿ, ಈ ಊರಿಗೆ ಬಂದು ಇಷ್ಟು ಕಾಲವಾಯ್ತು, ಒಬ್ಬರೂ ನನಗೆ ಹೇಳಲಿಲ್ಲವಲ್ಲ!”

“ಎಲ್ಲರಿಗೂ ಹೇಳೋದಾದ್ರೆ ಮುಚ್ಚಿಡೋದು ಯಾಕೆ?” ಎಂದಳು ಅಜ್ಜಿ. ಅದನ್ನೂ ತಿರುಗಿಸಿ ಹೇಳಿದೆ. ಡಾಕ್ಟರು ಇನ್ನೂ ಜೋರಾಗಿ ನಕ್ಕು, ಬರೆದದ್ದಕ್ಕೆ ಅಡ್ಡಗೆರೆ ಎಳೆದರು.

ಈಗ ನಿಜ ಕೇಳು. ಯುನ್‌ಯುನ್‌ಗೆ ತೊಂದರೆ ಇಲ್ಲ ಎಂದಲ್ಲ. ಇದೆ. ಮಾತನ್ನು ಕಟ್ಟುವುದು, ಕೇಳಿದ್ದನ್ನು ಬಿಡಿಸಿಕೊಳ್ಳುವುದು ಅವಳಿಗೆ ಹುಟ್ಟಿನಿಂದಲೇ ಕಷ್ಟ, ಕೆಲವರಿಗೆ ರಾಗ ಹಿಡಿಯುವುದು ಕಷ್ಟವಾದ ಹಾಗೆ. ಅವಳು ಪೆದ್ದಿಯಲ್ಲ, ಹಟಮಾರಿಯಲ್ಲ. “ತಾಯಿ ಊರೂರು ತಿರುಗೋದ್ರಿಂದ ಬಂತಾ?” ಎಂದು ನಾನೇ ಕೇಳಿದೆ, ನೀನು ಕೇಳಲು ಹೆದರುತ್ತೀಯ ಎಂದು ಗೊತ್ತಿದ್ದರಿಂದ. “ಅಲ್ಲ” ಎಂದರು. ಇನ್ನೊಮ್ಮೆ ಕೇಳಿದೆ. “ಅಲ್ಲ ಅಂದ್ನಲ್ಲ ತಮ್ಮಾ, ಅವರಿಗೆ ಬರೆದು ತಿಳಿಸು” ಎಂದರು. ಜ್ವರದ ಹಾಗೆ ಇಳಿದುಹೋಗುವಂಥದ್ದೂ ಅಲ್ಲವಂತೆ. ವಾರಕ್ಕೊಮ್ಮೆ ಅವರ ಹತ್ತಿರ ಹೋಗಬೇಕು, ಉಳಿದ ದಿನ ಮನೆಯವರೇ ಕಲಿಸಬೇಕು, ಅದೂ ನಮ್ಮ ಮನೆಮಾತಿನಲ್ಲೇ. ಮುಂದಿನ ಸೆಪ್ಟೆಂಬರಿಗೆ ನಮ್ಮೂರ ಶಾಲೆಗೇ ಸೇರಿಸೋಣ, ಟೀಚರ್ ಹತ್ತಿರ ನಾನೇ ಮಾತಾಡುತ್ತೇನೆ ಎಂದಿದ್ದಾರೆ. “ಚಿಕ್ಕಮ್ಮ ಅನ್ನೋದನ್ನ ಬಿಡಿಸಬೇಕಾ?” ಎಂದೆ. “ನನಗೆ ಬೇಕಾಗಿರೋದು ಅವಳು ಯಾರನ್ನು ಯಾರು ಅಂದ್ಕೊಂಡಿದಾಳೆ ಅನ್ನೋದು. ಏನಂತ ಕರೀತಾಳೆ ಅನ್ನೋದು ನಿಮ್ಮ ಮನೆ ವಿಷಯ” ಎಂದರು.

ಮನೆಯ ಪಾಠದಲ್ಲಿ ಕಷ್ಟಪಡುತ್ತಿರುವುದು ಮಗುವಲ್ಲ, ಅಜ್ಜಿ. ಮಗು ಬಾಯಿ ತೆರೆಯುವ ಮೊದಲೇ ಬೇಕಾದ್ದು ಕೈಗೆ ಬರಬಾರದು, ಅದರ ಮಾತನ್ನು ನೀವು ಮುಗಿಸಬಾರದು, ಸುಮ್ಮನೆ ಕಾಯಬೇಕು ಎಂದು ಡಾಕ್ಟರು ಹೇಳಿದ್ದಾರೆ.

“ಬಾಯಿ ಮುಚ್ಕೊಂಡು ಕೂರೋದಕ್ಕೆ ದೊಡ್ಡಾಸ್ಪತ್ರೆಗೆ ಹೋಗಬೇಕಿತ್ತಾ?” ಎಂದು ಗೊಣಗುತ್ತಾಳೆ. ಆದರೆ ಕಾಯುತ್ತಾಳೆ.

ನಿನ್ನೆ ಸಂಜೆಯದ್ದನ್ನು ಹೇಳಲೇಬೇಕು. ಎಂದಿನಂತೆ ಮೂರೇ ಬಟ್ಟಲು ಚಹಾ, ಕೂತವರು ಅಜ್ಜಿ, ನಾನು, ಝಾನ್ ಮಾವ. ಹಂಚುವ ಕೆಲಸ ಯುನ್‌ಯುನ್‌ದು. ಅಜ್ಜಿಗೆ ಕೊಟ್ಟಳು, ನನಗೆ ಕೊಟ್ಟಳು. ಮೂರನೆಯದಕ್ಕೆ ಝಾನ್ ಮಾವ ಕೈ ಚಾಚಿದ. ಇವಳು ಬಟ್ಟಲನ್ನು ಹಿಂದಕ್ಕೆಳೆದುಕೊಂಡಳು.

“ಬೇಡ. ಚಿಕ್ಕಮ್ಮಂದು.”

“ಎಲ್ಲಿದಾಳೇ ನಿನ್ನ ಚಿಕ್ಕಮ್ಮ? ನನ್ನ ಚಹಾ ಕೊಡೇ ಕಳ್ಳಿ!”

ಅಜ್ಜಿ ಉತ್ತರ ಹೇಳಲು ಮುಂದೆ ಬಾಗಿದಳು. ನಾನು ಕಣ್ಣಲ್ಲೇ ತಡೆದೆ. ಅವಳು ತನ್ನ ತುಟಿಗಳನ್ನು ಎರಡು ಬೆರಳಲ್ಲಿ ಹಿಡಿದು ಮುಚ್ಚಿಕೊಂಡಳು. ಯುನ್‌ಯುನ್‌ಳ ಹಣೆ ಗಂಟಿಕ್ಕಿತು. ನಾವು ಕಾದೆವು.

“ಚಿಕ್ಕಮ್ಮ ಹಾಡ್ತಾಳೆ” ಎಂದಳು. ಮತ್ತೆ ತಡವರಿಸಿದಳು. “ಗಂಟಲು... ನೋವು. ಬಿಸಿ ಚಹಾ ಬೇಕು.”

ಎಂದು, ನೀನು ಬಂದಾಗ ಕೂರುವ ಬಿದಿರಿನ ಸ್ಟೂಲಿನ ಮೇಲೆ ಬಟ್ಟಲನ್ನು ಎರಡೂ ಕೈಯಿಂದ ಇಟ್ಟಳು. ಒಂದು ಹನಿ ಚೆಲ್ಲಲಿಲ್ಲ. ಝಾನ್ ಮಾವ ಆ ಬಟ್ಟಲನ್ನೇ ನೋಡುತ್ತಾ, “ಸರಿ ಕಣಮ್ಮ, ಅವಳೇ ಕುಡೀಲಿ” ಎಂದವನು ಮೂಗು ಒರೆಸಿಕೊಳ್ಳಲು ಎದ್ದುಹೋದ. ನಾಲಿಗೆಯ ದಾರದ ಮಾತನ್ನು ಆಮೇಲೆ ಎತ್ತಿಲ್ಲ.

ಜೋಯಿಸರ ಮೇಲಿನ ನನ್ನ ಸಿಟ್ಟು ಆರಿಲ್ಲ. ಹುಟ್ಟಿದ ಗಳಿಗೆಯ ಹೆಸರಲ್ಲಿ ಹೆತ್ತವಳನ್ನು ಹೊರಗಿನವಳಾಗಿಸುವ ಈ ಪದ್ಧತಿಯನ್ನು ಬೇರುಸಹಿತ ಕೀಳಬೇಕು ಎಂದೇ ಇವತ್ತಿಗೂ ನನ್ನ ಮತ. ಸದ್ಯಕ್ಕೆ ಒಂದು ಕೆಲಸ ಮಾಡುತ್ತಿದ್ದೇನೆ. ಮಾತು ತಡವಾದ ಮಕ್ಕಳ ಬಗ್ಗೆ ನಮ್ಮ ಜನಕ್ಕೆ ಅರ್ಥವಾಗುವ ಒಂದು ಕರಪತ್ರ, ನಾಲಿಗೆ ಕತ್ತರಿಸಬೇಡಿ ಎಂಬಲ್ಲಿಂದ ಶುರು. ಡಾಕ್ಟರು ಗುವಾನ್ ತಿದ್ದಿಕೊಡುತ್ತಾರೆ. ಅಚ್ಚುಕೂಟದ ಧಣಿ, “ಮೊದಲು ಆಟಿಕೆ ಡಬ್ಬಿಗಳ ಅಚ್ಚು ಮುಗಿಸು, ಆಮೇಲೆ ಲೋಕ ಉದ್ಧಾರ ಮಾಡು” ಎಂದಿದ್ದಾನೆ. ಕತ್ತರಿಸಿ ಉಳಿದ ಕಾಗದದ ಅಂಚುಗಳನ್ನು ಕೊಡಲು ಒಪ್ಪಿದ್ದಾನೆ, ಅಷ್ಟು ಸಾಕು.

ಹೊಸ ವರ್ಷಕ್ಕೆ ನೀನು ಬರಲೇಬೇಕು. ಬಂದಾಗ ಬಾಗಿಲಲ್ಲೇ ಅವಳನ್ನು ಬಾಚಿ ಎತ್ತಿಕೊಂಡು ಮಾತಿನ ಮಳೆ ಸುರಿಸಬೇಡ. ಅವಳೆದುರು ಕೂತು ಕಾಯಿ. ಅವಳ ಹತ್ತಿರ ನಿನಗೆ ಹೇಳಲು ಏನೇನೋ ಇದೆ. ನೀನು ಹಾಡುವ ಪ್ರತಿ ಊರಿನ ದೇವರೂ ನಿನ್ನನ್ನು ಕಾಯಲಿ. ನಾನು ನಂಬದಿದ್ದರೂ ಅವರು ಕಾಯಬಾರದೆಂದೇನಿಲ್ಲ. ಭಾವನ ತೋಳಿಗೆ ಬಲವಿರಲಿ. ನಿಶ್ಚಿಂತೆಯಾಗಿ ನಿದ್ದೆ ಮಾಡು, ಅಕ್ಕಾ.

ನಿನ್ನ ತಮ್ಮ,
ಷೆ ವೆಯ್‌ಲಿಯೆ

ತಾ.ಕ.: ಆ ಮುಚ್ಚಿದ ಕೋಣೆಯಲ್ಲಿ ನಡೆದ ಒಂದು ಮಾತನ್ನು ಮೇಲೆ ಬರೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಡಾಕ್ಟರು, “ನೀವು ಇದನ್ನ ನಿಜವಾಗಿ ನಂಬ್ತೀರಾ ಅಜ್ಜಿ?” ಎಂದು ಕೇಳಿದರು. ಅಜ್ಜಿ ಪರದೆಯನ್ನು ನೋಡುತ್ತಾ ಹೇಳಿದಳು: “ಇವರಿಬ್ಬರಿಗಿಂತ ಮುಂಚೆ ನಂಗೊಬ್ಬ ಮಗ ಇದ್ದ. ಅವನು ನನ್ನ ಅಮ್ಮಾ ಅಂತ ಕರೀತಿದ್ದ. ಬೇಗ ಮಾತು ಬಂದಿತ್ತು ಅವನಿಗೆ. ಹೋದ. ಆಮೇಲೆ ಹುಟ್ಟಿದವರಿಗೆ ನಾನು ಆ ಮಾತು ಕಲಿಸಲಿಲ್ಲ.” ನಿನಗೆ ಗೊತ್ತಿತ್ತೇ? ನನಗೆ ಗೊತ್ತಿರಲಿಲ್ಲ. ಷರತ್ತಿನಂತೆ ‘ನನಗೊಬ್ಬ ಮಗನಿದ್ದ, ನನ್ನನ್ನು ಅಮ್ಮಾ ಎನ್ನುತ್ತಿದ್ದ’ ಎಂದು ಉತ್ತರದ ಭಾಷೆಯಲ್ಲಿ ಹೇಳಿದೆ. ಅದು ಶಾಲೆಯಲ್ಲಿ ಕಲಿತ ಪದ, ಸಲೀಸಾಗಿ ಬಂತು. ವಾಪಸು ಬರುವಾಗ ಬಸ್ಸಿನಲ್ಲಿ ಅಜ್ಜಿ ತೂಕಡಿಸುತ್ತಿದ್ದಳು. ನಮ್ಮ ಮಾತಿನಲ್ಲಿ ಒಮ್ಮೆ ಮೆಲ್ಲಗೆ ಹಾಗೆ ಕರೆದು ನೋಡೋಣವೆಂದುಕೊಂಡೆ. ಬಾಯಿಗೆ ಬಂದದ್ದು ಚಿಕ್ಕಂದಿನಲ್ಲಿ ನಾವು ಕರೆಯುತ್ತಿದ್ದ ‘ದೊಡ್ಡಮ್ಮ’ ಮಾತ್ರ.

ಅಕ್ಕಾ, ನೀನು ಮಂಡಿಯೂರಿ ‘ಅಮ್ಮಾ’ ಎಂದು ಕೂಗುವ ಆ ನಾಟಕ ಹತ್ತಿರದ ಯಾವ ಊರಲ್ಲಿ ಆದರೂ ಅಜ್ಜಿ ಮೊದಲೇ ಹೋಗಿ ಮುಂದೆ ಕೂರುತ್ತಿದ್ದಳು. ಆ ದೃಶ್ಯ ಮುಗಿದ ಕೂಡಲೇ ಎದ್ದು ಮನೆಗೆ ಬಂದುಬಿಡುತ್ತಿದ್ದಳು. ಕಥೆ ಕೊನೆಗೆ ಏನಾಗುತ್ತದೆ ಎಂದು ನಾನು ಎಷ್ಟು ಸಲ ಕೇಳಿದ್ದೇನೆ. ಗೊತ್ತಿಲ್ಲ ಕಣೋ ಎನ್ನುತ್ತಿದ್ದಳು.