ಅಜ್ಜಿ ಹತ್ತುವ ಮೊದಲು ಕೆಮ್ಮು ನಿಲ್ಲಬೇಕು

ತಮ್ಮಾ,

ನಾನು ಆಸ್ಪತ್ರೆಗೆ ಹೊರಟೆ. ಇವತ್ತು ಅಜ್ಜಿಯ ಕಣ್ಣಿನ ಪಟ್ಟಿ ಬಿಚ್ಚುತ್ತಾರೆ. ನಾಲ್ಕು ಗಂಟೆಗೆ ನಿನ್ನ ಬೈಕಿನಲ್ಲೇ ಮನೆಗೆ ಬರುತ್ತಾಳಂತೆ. "ಆದ್ರೆ ಅದು ಒಂದ್ಸಲ ಕೆಮ್ಮಿದ್ರೂ ನಾನು ನಡ್ಕೊಂಡೇ ಬರ್ತೀನಿ" ಅಂದಿದ್ದಾಳೆ. ನಡೆದೇ ಬರುವವಳು, ಗೊತ್ತಲ್ಲ.

ನೀನು ಹೊಸ ಫಿಲ್ಟರ್, ಹೊಸ ಸೈಲೆನ್ಸರ್ ಹಾಕಿ ಎಂಜಿನ್ನಿಗೆ ಆನೆಯ ಉಸಿರು ಕೊಟ್ಟೆ, ಪೆಟ್ರೋಲ್ ಮಾತ್ರ ಇರುವೆಯ ಪಾಲು. ಕೆಮ್ಮದೆ ಹಾಡುತ್ತದೆಯೇ? ಕಾರ್ಬ್ಯುರೇಟರಿಗೆ ಪೆಟ್ರೋಲ್ ಹೆಚ್ಚು ಬಿಡುವ ದೊಡ್ಡ ಜೆಟ್ ನಾನೇ ಹಾಕಿದ್ದೇನೆ. ಥ್ಯಾಂಕ್ಸ್ ಬೇಡ, ನೀನು ಗ್ರೀಸ್ ಒರೆಸಿದ ನನ್ನ ಟವೆಲ್ ಒಗೆದಿಡು.

ಉಳಿದದ್ದು ಅದರ ಪಕ್ಕದ, ಗಾಳಿ-ಪೆಟ್ರೋಲ್ ಹದ ಮಾಡುವ ಸ್ಕ್ರೂ. ಮೊನ್ನೆಯಂತೆ ಎಂಜಿನ್ ತಣ್ಣಗಿರುವಾಗ, ಸುತ್ತು ಎಣಿಸದೆ ತಿರುಗಿಸಬೇಡ ಪುಣ್ಯಾತ್ಮ. ಮೊದಲು ಹತ್ತು ನಿಮಿಷ ಓಡಿಸು. ಸ್ಕ್ರೂ ಪಕ್ಕ ನಾನಿಟ್ಟ ಉಗುರುಬಣ್ಣದ ಕೆಂಪು ಚುಕ್ಕೆಯಿಂದ ಶುರುಮಾಡಿ ಚೂರುಚೂರೇ ತಿರುಗಿಸುತ್ತಾ, ದನಿ ಸಮವಾದಲ್ಲಿ ನಿಲ್ಲಿಸು. ಕಿವಿಗೆ ಕೆಲಸ ಕೊಡು, ಕೈಗಲ್ಲ.

ಆ ಸೈಲೆನ್ಸರ್ ಬಂದ ದಿನದಿಂದ ಅಜ್ಜಿ ಅದರ ಸದ್ದಿಗೆ ಬೈದದ್ದೇ ಬೈದದ್ದು. ಪೊರೆಗಣ್ಣಿಗೆ ಅದು ಕಂಡೇ ಇರಲಿಲ್ಲ. ನಿನ್ನೆ ಮೆಲ್ಲಗೆ ಕೇಳಿದಳು: "ಪಟ್ಟಿ ಬಿಚ್ಚಿದ್ಮೇಲೆ ಮೊದ್ಲು ಅದನ್ನೇ ತೋರಿಸ್ತಾನಾ?"

ಅದನ್ನು ಹೊಳೆಯುವ ಹಾಗೆ ಒರೆಸಿಕೊಂಡು ಬಾ. ನನ್ನ ಟವೆಲಿನಲ್ಲಲ್ಲ.

ಅಕ್ಕ